ಹಿದಾಯತುಲ್ಲಾ ಸಾಬರ ಶನಿವಾರದ ಹಲಗೆ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಎದುರಿಗೆ ವೆಂಕಟರವಣಪ್ಪನ ಹೋಟೆಲಿತ್ತು. ಅದರ ಪಕ್ಕದ ಗೋಡೆಗೆ ಆಳೆತ್ತರದ ಒಂದು ಕರಿಹಲಗೆ. ಮರದ್ದಲ್ಲ, ಗೋಡೆಗೇ ಸಿಮೆಂಟು ಮೆತ್ತಿ ಕಪ್ಪು ಬಣ್ಣ ಹೊಡೆದದ್ದು. ಹೋಟೆಲು ಶುರುವಾದ ಹೊಸದರಲ್ಲಿ "ಈ ದಿನ ವಿಶೇಷ" ಎಂದು ಬರೆಯಲಿಕ್ಕೆ ಮಾಡಿಸಿದ್ದು. ಆದರೆ ಆ ಹೋಟೆಲಿನಲ್ಲಿ ವಿಶೇಷ ಅನ್ನುವಂಥದ್ದು ಯಾವ ದಿನವೂ ಇರಲಿಲ್ಲವಾದ್ದರಿಂದ ಹಲಗೆ ಖಾಲಿ ಬಿದ್ದಿತ್ತು. ೧೯೮೧ರಲ್ಲಿ ಒಂದು ಶನಿವಾರ ಹಿದಾಯತುಲ್ಲಾ ಟೀ ಕುಡಿಯುತ್ತಾ, "ಅಣ್ಣಾ, ಅದರ ಮೇಲೆ ನಾನೊಂದು ನಾಲ್ಕು ಸಾಲು ಬರೀಲಾ?" ಎಂದು ಕೇಳಿದ.

"ಏನು ಬರೀತೀಯಾ?"

"ಈ ವಾರ ಏನೇನು ಆಯ್ತು, ಅದರ ಬಗ್ಗೆ ನನಗೇನು ಅನ್ನಿಸ್ತು, ಅಷ್ಟೇ."

"ನಿನಗೆ ಅನ್ನಿಸಿದ್ದು ಯಾರಿಗಯ್ಯಾ ಬೇಕು?" ಎಂದು ವೆಂಕಟರವಣಪ್ಪ ನಕ್ಕ. ಆದರೂ ಬೇಡವೆನ್ನಲಿಲ್ಲ.

ಹಿದಾಯತುಲ್ಲಾನಿಗೆ ಆಗ ಮೂವತ್ತು ವರ್ಷ. ಕೆಲಸ ನೂಲು ಬಿಚ್ಚುವುದು. ಮನೆಯ ಹಿಂದಿನ ತಗಡಿನ ಮಾಡಿನಲ್ಲಿ ಎರಡು ಚರಕ, ಎರಡು ಒಲೆ. ಕುದಿಯುವ ನೀರಿನಲ್ಲಿ ಗೂಡು ಹಾಕಿ, ಬೆರಳಿನಿಂದ ಎಳೆಯ ತುದಿ ಹುಡುಕಿ ಚರಕಕ್ಕೆ ಹಿಡಿಸಬೇಕು. ಹದಿಮೂರನೇ ವಯಸ್ಸಿನಿಂದ ಅದೇ ಕೆಲಸ ಮಾಡಿ ಮಾಡಿ ಅವನ ಬೆರಳ ತುದಿಗಳು ಬೆಳ್ಳಗೆ ಊದಿಕೊಂಡು, ಬಿರುಕು ಬಿಟ್ಟು, ಸ್ಪರ್ಶವೇ ಹೋಗಿತ್ತು. ಸೀಮೆಸುಣ್ಣ ಕೈಯಲ್ಲಿದೆಯೋ ಬಿದ್ದುಹೋಯಿತೋ ಎಂದು ಕಣ್ಣಿನಿಂದ ನೋಡಿಯೇ ತಿಳಿಯಬೇಕಿತ್ತು. ಮನೆಯಲ್ಲಿ ಮಾತು ಉರ್ದು. ಐದು ವರ್ಷ ತುಂಬುವ ಮೊದಲೇ ಅಜ್ಜಿ ಉರ್ದು ಅಕ್ಷರ ತಿದ್ದಿಸಿದ್ದಳು. ಆಮೇಲೆ ಸೇರಿದ್ದು ಹತ್ತಿರದ ಸರ್ಕಾರಿ ಕನ್ನಡ ಶಾಲೆ. ಅಲ್ಲಿ ಬಯ್ಯಪ್ಪ ಮೇಷ್ಟ್ರು ಗೆಣ್ಣಿಗೆ ಹೊಡೆದು ಹೊಡೆದು ಅಕ್ಷರ ದುಂಡಗೆ ಮಾಡಿದರು. ಏಳನೇ ಕ್ಲಾಸಿಗೆ ತಂದೆ ತೀರಿಕೊಂಡರು, ಓದು ನಿಂತಿತು. ಓದುವ ಚಟ ಮಾತ್ರ ನಿಲ್ಲಲಿಲ್ಲ. ಶುಕ್ರವಾರ ನಮಾಜು ಮುಗಿಸಿದವನು ನೇರವಾಗಿ ಲೈಬ್ರರಿಗೆ ಹೋಗಿ, ವಾರದ ಅಷ್ಟೂ ಪೇಪರುಗಳನ್ನು ಕಟ್ಟು ಬಿಚ್ಚಿ ಓದುತ್ತಿದ್ದ. ಶನಿವಾರ ಮಧ್ಯಾಹ್ನ ಮಾರುಕಟ್ಟೆಯ ಹರಾಜು ಮುಗಿದು ಜನ ಹೋಟೆಲಿಗೆ ಬರುವ ಹೊತ್ತಿಗೆ ಹಲಗೆಯ ಮುಂದೆ ನಿಲ್ಲುತ್ತಿದ್ದ.

ತಲೆಬರಹ "ಈ ವಾರದ ಮಾತು". ಕೆಳಗೆ ಹತ್ತು ಹನ್ನೆರಡು ಸಾಲು. ಚುನಾವಣೆ ಬಂದರೆ ಚುನಾವಣೆ, ನಲ್ಲಿಯಲ್ಲಿ ನೀರು ಬರದಿದ್ದರೆ ನೀರು. ಪುರಸಭೆ ಚುನಾವಣೆಯ ವರ್ಷ, "ನಮ್ಮ ಬೀದಿಯ ಕೆಸರನ್ನು ಐದು ವರ್ಷಕ್ಕೊಮ್ಮೆ ಒಳ್ಳೊಳ್ಳೆ ಚಪ್ಪಲಿಗಳು ನೋಡಲು ಬರುತ್ತವೆ. ಕೆಸರೇ, ಇವತ್ತಾದರೂ ಅವುಗಳನ್ನು ಬಿಡಬೇಡ" ಎಂದು ಬರೆದಿದ್ದನ್ನು ಊರು ತಿಂಗಳುಗಟ್ಟಲೆ ಹೇಳಿಕೊಂಡು ನಕ್ಕಿತ್ತು. ಚಿಂತಾಮಣಿ ಕಡೆಯಿಂದ ಗೂಡು ತರುವ ರೈತರು ಹರಾಜು ಮುಗಿದರೂ ಬಸ್ಸು ಹತ್ತದೆ ಸಾಬರ ಹಲಗೆಗೆ ಕಾಯುತ್ತಿದ್ದರು. ಓದು ಬಂದವರು ಗಟ್ಟಿಯಾಗಿ ಓದುವರು, ಬಾರದವರು ಕೇಳುವರು. ಎರಡು ಟೀ ಹೆಚ್ಚಿಗೆ ಹೋಗುವುದು ಕಂಡು ವೆಂಕಟರವಣಪ್ಪನೇ ಸೀಮೆಸುಣ್ಣದ ಡಬ್ಬಿ ತಂದಿಡತೊಡಗಿದ.

ಹೊಗಳುವವರಿಗೂ ಕಡಿಮೆಯಿರಲಿಲ್ಲ. ಆದರೆ ಹೆಚ್ಚಿನವರ ಹೊಗಳಿಕೆ ಒಂದೇ ಥರ: "ಸಾಬರಾಗಿ ಎಷ್ಟು ಚೆನ್ನಾಗಿ ಕನ್ನಡ ಬರೀತೀರಲ್ರೀ!" ಹಿದಾಯತುಲ್ಲಾ ನಗುತ್ತಿದ್ದ. ಮನೆಗೆ ಬಂದು ಹೆಂಡತಿ ಖತೀಜಾ ಬೀಯ ಹತ್ತಿರ, "ನಾನು ಹುಟ್ಟಿದ್ದು ಈ ಬೀದಿ, ನಮ್ಮಜ್ಜ ಸತ್ತಿದ್ದು ಈ ಬೀದಿ. ಇನ್ನೆಲ್ಲಿಂದ ಬಂದವನು ಅಂದುಕೊಂಡಿದ್ದಾರೆ ಇವರು?" ಎನ್ನುತ್ತಿದ್ದ. ಖತೀಜಾ ಬೀ, "ಹೊಗಳಿದರೂ ನಿಮಗೆ ಕಷ್ಟ" ಎಂದು ರೊಟ್ಟಿ ತಟ್ಟುತ್ತಿದ್ದಳು.

ಹಾಗೆ ಒಂಬತ್ತು ವರ್ಷ ಕಳೆಯಿತು.

೧೯೯೦ರ ಫೆಬ್ರವರಿಯಲ್ಲಿ ಒಂದು ಶನಿವಾರ ಹಿದಾಯತುಲ್ಲಾ ಬಲು ಹುರುಪಿನಲ್ಲಿದ್ದ. ದಕ್ಷಿಣ ಆಫ್ರಿಕಾದಲ್ಲಿ ಇಪ್ಪತ್ತೇಳು ವರ್ಷ ಸೆರೆಯಲ್ಲಿದ್ದ ಕರಿಯರ ನಾಯಕ ಹೊರಗೆ ಬಂದ ವಾರ ಅದು. ಪೇಪರಿನ ಫೋಟೋ ನೋಡಿ ಅವನಿಗೆ ಕಣ್ಣು ತುಂಬಿತ್ತು. ಹಲಗೆಯ ತುಂಬಾ ಬರೆದ. ಆ ದೇಶದಲ್ಲಿ ಬಿಳಿಯರಿಗೊಂದು ಬಾಗಿಲು, ಕರಿಯರಿಗೊಂದು ಬಾಗಿಲು. ಬಿಳಿಯರ ಬಸ್ಸು ಬೇರೆ, ಕರಿಯರ ಬಸ್ಸು ಬೇರೆ. ಮನುಷ್ಯರು ಮನುಷ್ಯರನ್ನು ಹೀಗೂ ಕಾಣುತ್ತಾರಲ್ಲಾ ಎಂದು. ಜನ ಗುಂಪುಗಟ್ಟಿದ್ದರು. ಮಾರುಕಟ್ಟೆಯ ಅಂಗಳ ಗುಡಿಸುವ ಓಬಳಮ್ಮ ಪೊರಕೆ ಕಂಕುಳಲ್ಲಿ ಇಟ್ಟುಕೊಂಡು ಬಂದಳು. ನಲವತ್ತರ ಆಸುಪಾಸಿನ ಹೆಂಗಸು, ಊರ ಹೊರಗಿನ ಕಾಲೋನಿಯವಳು.

"ಏನು ಬರ್ದಿದ್ದೀರಾ ಸಾಬ್ರೆ? ಇವತ್ತು ಇಷ್ಟೊಂದು ಜನ?"

ಹಿದಾಯತುಲ್ಲಾ ಅವಳಿಗಾಗಿ ಇನ್ನೊಮ್ಮೆ ಮೊದಲಿನಿಂದ ಓದಿ ಹೇಳಿದ.

"ಕರಿಯರು ಅಂದ್ರೆ?"

"ಮೈಬಣ್ಣ ಕಪ್ಪಗಿರೋರು ಕಣಮ್ಮ."

"ನಮ್ಮಂಗೆ?"

"ಹೂಂ, ನಮ್ಮಂಗೇ."

"ಬಸ್ಸು ಬೇರೆ, ಬಾಗ್ಲು ಬೇರೆ ಅಂದ್ರಲ್ಲ. ಲೋಟ?"

"ಲೋಟಾನೂ ಬೇರೆ ಇದ್ದಿರಬೇಕು."

"ಎಷ್ಟು ದೂರ ಐತೆ ಆ ದೇಶ?"

"ಸಮುದ್ರ ದಾಟಿ ಹೋಗಬೇಕು ಓಬಳಮ್ಮ."

"ಅಷ್ಟು ದೂರದ್ದು ಕಾಣ್ತದಲ್ಲ ನಿಮಗೆ! ದೊಡ್ಡೋರು" ಎಂದಳು ಓಬಳಮ್ಮ. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಹಾಗೆಂದವಳೇ ಹಲಗೆಯ ಪಕ್ಕದ ಕಿಟಕಿಯ ಕಟ್ಟೆಯ ಮೇಲೆ ಕವುಚಿಟ್ಟಿದ್ದ ಗಾಜಿನ ಲೋಟವೊಂದನ್ನು ತೆಗೆದುಕೊಂಡು, ಸೆರಗಿನಲ್ಲಿ ಒರೆಸಿ, ಕಿಟಕಿಯ ಕಂಬಿಗಳ ಮುಂದೆ ಹಿಡಿದಳು. ಒಳಗಿನಿಂದ ವೆಂಕಟರವಣಪ್ಪನ ಕೈ ಚಾಚಿ, ಲೋಟಕ್ಕೆ ತಾಗದಂತೆ ಎತ್ತರದಿಂದ ಟೀ ಹೊಯ್ಯಿತು. ಅವಳು ನಿಂತೇ ಕುಡಿದು, ಮೂಲೆಯ ಬಾನಿಯಲ್ಲಿ ಲೋಟ ತೊಳೆದು, ಮತ್ತೆ ಅಲ್ಲೇ ಕವುಚಿಟ್ಟು ಹೋದಳು.

ಆ ಕಟ್ಟೆಯ ಮೇಲೆ ನಾಲ್ಕು ಲೋಟಗಳಿದ್ದವು. ಒಂಬತ್ತು ವರ್ಷ ಹಿದಾಯತುಲ್ಲಾ ಅದೇ ಕಟ್ಟೆಗೆ ತನ್ನ ಕೊಡೆ ಒರಗಿಸಿ ಬರೆದಿದ್ದ. ಆ ಲೋಟಗಳು ಬೀಳದ ಹಾಗೆ ಎಷ್ಟೋ ಸಲ ಪಕ್ಕಕ್ಕೆ ಸರಿಸಿದ್ದ ಕೂಡ. ಸಮುದ್ರದಾಚೆಯದು ಕಂಡ ಕಣ್ಣಿಗೆ ಮೊಳದಾಚೆಯದು ಕಂಡಿರಲಿಲ್ಲ. ಅವನು ಆವತ್ತು ಮನೆಗೆ ಹೋಗಿ ಊಟ ಮಾಡಲಿಲ್ಲ. ಬೇಜಾರಿಗಿಂತ ಹೆಚ್ಚಾಗಿ ಅವನನ್ನು ಹಿಡಿದದ್ದು ಒಂದು ಬಗೆಯ ಬೆರಗು. ಮನುಷ್ಯನ ಕಣ್ಣು ಎಂಥ ವಸ್ತು! ನೋಡುತ್ತಲೇ ಇದ್ದು ಕಾಣದೆಯೂ ಇರಬಲ್ಲದು.

ಮುಂದಿನ ಶನಿವಾರ ಹಲಗೆಯ ಮೇಲೆ ಎರಡೇ ಸಾಲು ಬರೆದ: "ದಕ್ಷಿಣ ಆಫ್ರಿಕಾ ಈ ಹಲಗೆಯಿಂದ ಒಂದು ಮೊಳ ದೂರದಲ್ಲಿದೆ. ಕಿಟಕಿ ನೋಡಿ."

ವೆಂಕಟರವಣಪ್ಪ ಒದ್ದೆ ಗೋಣಿಚೀಲ ತಂದು ಎಲ್ಲರೆದುರಿಗೇ ಒರೆಸಿದ. "ಏಮಯ್ಯಾ, ನನ್ನ ಗೋಡೆ ಮೇಲೆ ನನ್ನನ್ನೇ ಬೈತೀಯಾ? ನಾನೇನು ಹೊಸದಾಗಿ ಕಂಡುಹಿಡಿದಿದ್ನಾ ಇದನ್ನ? ಊರೆಲ್ಲಾ ಹಂಗೇ ಇಲ್ವಾ?"

"ನಿನ್ನನ್ನ ಬೈದಿಲ್ಲಣ್ಣ, ನನ್ನನ್ನೇ ಬೈಕೊಂಡಿದ್ದು. ಒಂಬತ್ತು ವರ್ಷ ಇಲ್ಲೇ ನಿಂತಿದ್ದೋನು ನಾನು."

"ಹಂಗಾದ್ರೆ ನಿನ್ನ ಮನೆ ಗೋಡೆ ಮೇಲೆ ಬರ್ಕೋ ಹೋಗು."

ಐದು ವಾರ ಹಲಗೆ ಖಾಲಿ ಇತ್ತು. ಪ್ರತಿ ಶನಿವಾರವೂ ರೈತರು, ಗೂಡು ಕೊಂಡು ನೂಲು ಬಿಚ್ಚುವ ರೀಲರುಗಳು ಬಂದು, "ಎಲ್ಲಪ್ಪಾ ಈ ವಾರದ ಮಾತು?" ಎಂದು ಕೇಳಿ ಕೇಳಿ ವೆಂಕಟರವಣಪ್ಪನ ಪ್ರಾಣ ತಿಂದರು. ಆರನೇ ವಾರ ಅವನೇ ಚರಕದ ಮನೆಯವರೆಗೆ ನಡೆದು ಬಂದ. ಹೊಗೆಯಲ್ಲಿ ಕೆಮ್ಮುತ್ತಾ ನಿಂತು, "ಬರಿ ಬಾ. ನನ್ನ ಕಿಟಕಿ ವಿಷಯ ಬೇಡ" ಎಂದ. ಹಿದಾಯತುಲ್ಲಾ ಒಪ್ಪಿದ. ಆದರೆ ಅವನದೂ ಎರಡು ನಿರ್ಧಾರಗಳಿದ್ದವು. ಒಂದನ್ನು ಬಾಯಿ ಬಿಟ್ಟು ಹೇಳಲಿಲ್ಲ: ಅಂದಿನಿಂದ ಟೀಯನ್ನು ಹೋಟೆಲಿನೊಳಗೆ ಕುಡಿಯಲಿಲ್ಲ, ಕಿಟಕಿಯ ಹತ್ತಿರವೇ ನಿಂತು ಕಟ್ಟೆಯ ಮೇಲಿನ ಲೋಟದಲ್ಲೇ ಕುಡಿದ. ಹೊಯ್ಯುವಾಗ ವೆಂಕಟರವಣಪ್ಪ ಮುಖ ಬೇರೆ ಕಡೆ ತಿರುಗಿಸುತ್ತಿದ್ದ. ಇನ್ನೊಂದನ್ನು ಹೇಳಿದ: "ಇನ್ನು ಮೇಲೆ ಮೇಲಿನ ಅರ್ಧ ಹಲಗೆ ನನ್ನದು. ಕೆಳಗಿನ ಅರ್ಧ ಯಾರದು ಬೇಕಾದರೂ. ನಾನೊಬ್ಬನೇ ಬರೆದರೆ ನನಗೆ ಕಾಣದ್ದು ಉಳಿದುಬಿಡ್ತದೆ."

ಹಲಗೆಯ ಮಧ್ಯೆ ಒಂದು ಗೆರೆ ಎಳೆದು, ತೆಂಗಿನ ಚಿಪ್ಪಿನಲ್ಲಿ ಸೀಮೆಸುಣ್ಣದ ಚೂರು ಇಟ್ಟ. ಮೊದಲೆರಡು ವಾರ ಯಾರೂ ಮುಟ್ಟಲಿಲ್ಲ. ಆಮೇಲೆ ಶುರುವಾಯಿತು ನೋಡಿ! "ಕಪ್ಪು ಕರು ಕಳೆದಿದೆ, ಹಣೆಯಲ್ಲಿ ಬಿಳಿ ಚುಕ್ಕೆ." "ನಮ್ಮ ಬೀದಿಯ ಲೈಟು ಸತ್ತು ನಲವತ್ತು ದಿನ, ತಿಥಿಗೆ ಎಲ್ಲರೂ ಬನ್ನಿ." ಒಬ್ಬ ಒಂದು ಪಕ್ಷದವರನ್ನು ಕಳ್ಳರೆಂದರೆ ಮರುದಿನ ಇನ್ನೊಬ್ಬ, "ನೀವೇನು ಸಾಚಾನಾ?" ಎಂದು ಕೇಳುವನು. ಕೆಟ್ಟ ಬೈಗುಳವೂ ಬರುತ್ತಿತ್ತು. ಜಾತಿ ಹಿಡಿದು ಬೈದದ್ದು, ಹೆಣ್ಣುಮಕ್ಕಳ ಹೆಸರು ಎಳೆದದ್ದು. ಎದುರಿಗೆ ನಿಂತು ಒಂದು ಮಾತು ಜೋರಾಗಿ ಆಡದ ಸಾಧು ಜನ ಬೆನ್ನು ತಿರುಗಿದ್ದಾಗ ಇಷ್ಟು ವಿಷ ಬರೆಯುತ್ತಾರಲ್ಲಾ ಎಂದು ಹಿದಾಯತುಲ್ಲಾ ದಂಗಾಗುತ್ತಿದ್ದ. ಒರೆಸುತ್ತಿದ್ದ, ಮತ್ತೆ ಜಾಗ ಬಿಡುತ್ತಿದ್ದ.

ಮರುವರ್ಷ ಸಾಕ್ಷರತಾ ಆಂದೋಲನ ಬಂತು. ಕಾಲೋನಿಯಲ್ಲಿ ಸಂಜೆ ಪಾಠ. ಓಬಳಮ್ಮ ಸೇರಿಕೊಂಡಳು. ಶನಿವಾರಗಳಂದು ಅಂಗಳ ಗುಡಿಸಿ ಮುಗಿಸಿದವಳು ಎದುರಿನ ಜಗಲಿಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಹಿದಾಯತುಲ್ಲಾ ಬರೆಯುವುದನ್ನು ಶುರುವಿನಿಂದ ಕೊನೆಯವರೆಗೆ ನೋಡುತ್ತಿದ್ದಳು. ಮಣ್ಣಿನ ಮೇಲೆ ಕಡ್ಡಿಯಿಂದ ತಾನೂ ಏನೋ ಗೀಚುವಳು, ಅಳಿಸುವಳು.

ಹೀಗಿರುವಾಗ ೧೯೯೨ರ ಡಿಸೆಂಬರ್ ಬಂತು. ದೇಶದ ಎಷ್ಟೋ ಊರುಗಳಲ್ಲಿ ಬೆಂಕಿ ಬಿದ್ದ ಸುದ್ದಿ. ಹಿದಾಯತುಲ್ಲಾ ನಾಲ್ಕು ಶನಿವಾರ ಒಂದೇ ಸಾಲು ಬರೆದ: "ಗೂಡು ಹಿಂದೂಗಳದು, ಎಳೆ ಸಾಬರದು, ಸೀರೆ ಯಾರದು?" ಜನ ಓದಿ ತಲೆಯಾಡಿಸಿ ಹೋದರು. ಇಲ್ಲಿ ಅಂಥದ್ದೇನೂ ಆಗಲಿಲ್ಲ. ಆದರೆ ಟೀ ಕುಡಿಯುವವರು ಒಬ್ಬರ ಮುಖ ಒಬ್ಬರು ನೋಡುವುದು ಕಡಿಮೆಯಾಗಿತ್ತು.

ಜನವರಿಯ ಒಂದು ಸೋಮವಾರ ಬೆಳಿಗ್ಗೆ ಒಲೆ ಹೊತ್ತಿಸಿ ಗೂಡು ಬೇಯಿಸುತ್ತಿದ್ದಾಗ ಪಕ್ಕದ ಚರಕದವನು ಓಡಿ ಬಂದ. "ಏನು ಬರೆದುಬಿಟ್ಟೆಯಪ್ಪಾ ನೀನು? ಮಾರ್ಕೆಟ್ಟಿಗೆ ಬೆಂಕಿ ಹಚ್ಚಿದೆಯಲ್ಲ!"

"ನಾನೇನು ಬರೆದೆ?"

ಖತೀಜಾ ಬೀ ಬಾಗಿಲಿಗೆ ಅಡ್ಡ ನಿಂತಳು. "ಹೋಗಬೇಡಿ. ಇವತ್ತು ಬೇಡ." ಎಂಟು ವರ್ಷದ ಮಗಳು ಶಹಜಾದಿ ಅವಳ ಸೆರಗು ಹಿಡಿದಿದ್ದಳು. ಹಿದಾಯತುಲ್ಲಾ ಒದ್ದೆ ಕೈಯನ್ನೂ ಒರೆಸಿಕೊಳ್ಳದೆ ಹೊರಟ.

ಮಾರುಕಟ್ಟೆಯ ಗೇಟಿನ ಹೊರಗೆ ನೂರಾರು ರೈತರು ಗೂಡಿನ ಬುಟ್ಟಿಗಳನ್ನು ನೆಲಕ್ಕಿಟ್ಟು ನಿಂತಿದ್ದರು. ಯಾರೂ ಒಳಗೆ ಹೋಗುತ್ತಿಲ್ಲ. ಒಳಗೆ ರೀಲರುಗಳು, ಏನಾಯಿತೆಂದು ತಿಳಿಯದೆ ಗುಂಪುಗುಂಪಾಗಿ. ಗೂಡು ಕಾಯುವ ಮಾಲಲ್ಲ. ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದರೆ ಎಳೆ ಕತ್ತರಿಸಿಹೋಗುತ್ತದೆ, ತಿಂಗಳ ದುಡಿಮೆ ಮಣ್ಣುಪಾಲು. ಅದು ಗೊತ್ತಿದ್ದೇ ಚಿಂತಾಮಣಿ ರಸ್ತೆಯ ತಿರುವಿನಲ್ಲಿ ಎರಡು ಜೀಪು ನಿಲ್ಲಿಸಿಕೊಂಡು, ಯಾರೋ ನಾಲ್ಕು ಜನ, "ಇಲ್ಲೇ ಕೊಡ್ರಪ್ಪಾ, ಅರ್ಧ ರೇಟಾದರೂ ಸಿಗ್ಲಿ" ಎಂದು ಆಗಲೇ ಕರೆಯುತ್ತಿದ್ದರು.

ಹಲಗೆಯ ಮೇಲೆ, ಮೇಲಿನ ಅರ್ಧದಲ್ಲೇ, ಶನಿವಾರದ ಮಾತನ್ನು ಒರೆಸಿ ಬರೆದಿತ್ತು: "ಸೋಮವಾರದಿಂದ ರೀಲರುಗಳು ಹಿಂದೂ ರೈತರ ಗೂಡು ಮುಟ್ಟುವುದಿಲ್ಲ. ಬೇರೆ ಊರು ನೋಡಿಕೊಳ್ಳಿ. ಇಂತಿ, ಹಿದಾಯತುಲ್ಲಾ."

ದುಂಡನೆಯ ಅಕ್ಷರ. ಅವನದೇ ಅಕ್ಷರ. ಒಂದು ಗಳಿಗೆ ಅವನಿಗೇ ಅನುಮಾನ ಬಂತು, ನಾನೇ ಬರೆದೆನೇನೋ ಎಂದು.

"ಬಂದ ನೋಡ್ರಪ್ಪಾ" ಎಂದ ಮುನಿಶಾಮಪ್ಪ. ಇಪ್ಪತ್ತು ವರ್ಷದಿಂದ ಗೂಡು ತರುವ ಹಿರಿಯ ರೈತ, ಹಲಗೆಯ ಮಾತನ್ನು ತಪ್ಪದೆ ಓದಿಸಿಕೊಂಡು ಕೇಳುತ್ತಿದ್ದವನು. ಕೋಪಕ್ಕಿಂತ ನೋವೇ ಹೆಚ್ಚಾಗಿ ಅವನ ದನಿ ಒಡೆದಿತ್ತು. "ನಿಮ್ಮ ಮಾತು ಕೇಳೋಕೆ ಬಸ್ಸು ಬಿಟ್ಟು ಕೂತಿದ್ದೆನಲ್ಲಾ ಸಾಬ್ರೆ. ಕೊನೆಗೆ ನೀವೂ ಅವರಲ್ಲೊಬ್ರಾದ್ರಿ."

"ನಾನು ಬರೆದಿಲ್ಲ ಮುನಿಶಾಮಣ್ಣ. ದೇವರಾಣೆಗೂ."

"ಯಾವ ದೇವರು?" ಎಂದಿತು ಹಿಂದಿನಿಂದ ಒಂದು ದನಿ. ಗುಂಪು ಒಂದು ಹೆಜ್ಜೆ ಮುಂದೆ ಬಂತು.

ಆಗ ಓಬಳಮ್ಮ ಗುಂಪಿನ ಸಂದಿಯಿಂದ ತೂರಿಕೊಂಡು ಬಂದಳು. ಪೊರಕೆ ಕೈಯಲ್ಲೇ ಇತ್ತು.

"ಇದು ಸಾಬ್ರ ಅಕ್ಷರ ಅಲ್ಲ" ಎಂದಳು.

"ನಿನಗೇನಮ್ಮ ಗೊತ್ತು ಅಕ್ಷರ? ಸರಿ ಅತ್ಲಾಗೆ" ಎಂದ ಒಬ್ಬ.

"ನಂಗೆ ಬೇರೆ ಯಾರ ಅಕ್ಷರಾನೂ ಗೊತ್ತಿಲ್ಲ ಸಾಮಿ. ಇವರದ್ದೊಂದೇ ಗೊತ್ತು." ಅವಳು ಪೊರಕೆಯ ಹಿಡಿಯನ್ನು ಹಲಗೆಗೆ ಮುಟ್ಟಿಸಿದಳು. "ಇಲ್ಲಿ ನೋಡಿ, ರೈತರು ಅಂತ ಐತಲ್ಲ, ಆ ‘ತ’. ತಲೆಕಟ್ಟು ನೋಡಿ. ಎಡಗಡೆ ದಪ್ಪ, ಬಲಗಡೆ ಕೊನೇಲಿ ಸಣ್ಣ. ಎಲ್ಲಾರೂ ಹಂಗೇ ಎಳೆಯೋದು, ಎಡದಿಂದ ಬಲಕ್ಕೆ. ಸಾಬ್ರು ಹಂಗೆ ಎಳೆಯಾಕಿಲ್ಲ. ಅಕ್ಷರ ಎಲ್ಲಾ ಬರೆದು ಕೊನೆಗೆ ತಲೆಕಟ್ಟು ಮಾತ್ರ ಬಲಗಡೆಯಿಂದ ಶುರುಮಾಡ್ತಾರೆ, ಎಡಕ್ಕೆ ಎಳೀತಾರೆ. ಅವರದ್ದು ಯಾವಾಗ್ಲೂ ಬಲಗಡೆ ದಪ್ಪ."

ಓಬಳಮ್ಮ ಚಿಪ್ಪಿನಿಂದ ಸೀಮೆಸುಣ್ಣ ತೆಗೆದು ಕೆಳಗಿನ ಅರ್ಧದಲ್ಲಿ ನಿಧಾನವಾಗಿ ಒಂದು ‘ತ’ ಬರೆದಳು. ಕೊನೆಗೆ ತಲೆಕಟ್ಟನ್ನು ಬಲದಿಂದ ಎಡಕ್ಕೆ ಎಳೆದಳು. "ನಾನು ಕಲ್ತಿದ್ದು ಇವರ ಕೈ ನೋಡ್ಕಂಡು. ಸಂಜೆ ಪಾಠದ ಮೇಡಮ್ಮು ನಂಗೆ ದಿನಾ ಬೈತಿದ್ರು, ತಲೆಕಟ್ಟು ಉಲ್ಟಾ ಹಾಕ್ತೀಯಾ ಅಂತ. ನಾನು ಬಿಡಲಿಲ್ಲ. ನಂಗೆ ಹಂಗೇ ಬರೋದು."

ಹಿದಾಯತುಲ್ಲಾ ಬೆಕ್ಕಸಬೆರಗಾಗಿ ನಿಂತ. ಅಜ್ಜಿ ತೊಡೆಯ ಮೇಲೆ ಕೂರಿಸಿಕೊಂಡು ಕೈ ಹಿಡಿದು ಬಲದಿಂದ ಎಡಕ್ಕೆ ಎಳೆಸಿದ್ದ ಗೆರೆ, ಬಯ್ಯಪ್ಪ ಮೇಷ್ಟ್ರ ಏಟಿಗೂ ಸಿಗದೆ ಉಳಿದುಕೊಂಡಿದ್ದು ತನ್ನ ಕೈಯಲ್ಲೇ ಇದ್ದರೂ ತನಗೇ ಗೊತ್ತಿರಲಿಲ್ಲ. ಈ ಹೆಂಗಸಿಗೆ ಗೊತ್ತಿತ್ತು.

"ಹಳೇದು ಇಲ್ದೆ ಹೆಂಗೆ ನಂಬೋದು?" ಎಂದ ಮುನಿಶಾಮಪ್ಪ, ಈಗ ಮೆತ್ತಗೆ. "ಶನಿವಾರದ್ದು ಒರೆಸಿಬಿಟ್ಟವ್ರಲ್ಲ."

ಬಾಗಿಲಲ್ಲಿ ನಿಂತಿದ್ದ ವೆಂಕಟರವಣಪ್ಪ ಆಗ ತಟ್ಟನೆ, "ಐತೆ! ನನ್ನ ಹೋಟೆಲಲ್ಲಿ ಐತೆ!" ಎಂದು ಕೂಗಿದ. ಒಳಗೋಡೆಯ ಮೇಲಿನ ತಿಂಡಿಪಟ್ಟಿಯನ್ನು ನಾಲ್ಕು ವರ್ಷದ ಹಿಂದೆ ಹಿದಾಯತುಲ್ಲಾನೇ ಕುಂಚ ಹಿಡಿದು ಬಣ್ಣದಲ್ಲಿ ಬರೆದುಕೊಟ್ಟಿದ್ದ. ಜನ ಒಳಗೆ ನುಗ್ಗಿದರು. ಓಬಳಮ್ಮ ಹೊರಗೇ ಹೊಸ್ತಿಲ ಕೆಳಗೆ ನಿಂತಳು.

"ಎಲ್ಲಿ ಹೋದ್ಳು ಆಯಮ್ಮ? ಒಳಗೆ ಬಾರಮ್ಮ, ತೋರ್ಸು ಬಾ!" ಎಂದ ವೆಂಕಟರವಣಪ್ಪ. ಅವಳು ಕದಲಲಿಲ್ಲ. ಅವನು ಅವಳ ಮುಖ ನೋಡಿದ. ಏನು ಹೇಳಿದೆನೆಂದು ಅವನಿಗೆ ಆಗ ಹೊಳೆದಿರಬೇಕು. ಒಂದು ಸಲ ಕಿಟಕಿಯ ಕಡೆ ನೋಡಿದ, ಒಂದು ಸಲ ಹೊರಗೆ ನೆಲದ ಮೇಲಿದ್ದ ಬುಟ್ಟಿಗಳ ಕಡೆ ನೋಡಿದ. ಆಮೇಲೆ ತಾನೇ ಬಾಗಿಲಿಗೆ ಬಂದು, ಮೊದಲಿನಷ್ಟು ಜೋರಾಗಿ ಅಲ್ಲ, "ಬಾ ತಾಯಿ" ಎಂದ.

ಓಬಳಮ್ಮ ಪೊರಕೆಯನ್ನು ಹೊರಗೆ ಒರಗಿಸಿ ಒಳಗೆ ಬಂದಳು. ತಿಂಡಿಪಟ್ಟಿಯ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿಕೊಂಡು, "ಮ-ಸಾ-ಲೆ ವ-ಡೆ" ಎಂದು ಗಟ್ಟಿಯಾಗಿ ಓದಿದಳು. ‘ವ’ದ ತಲೆಕಟ್ಟಿನ ಮೇಲೆ ಬೆರಳಿಟ್ಟಳು. ಮುನಿಶಾಮಪ್ಪ ಕನ್ನಡಕ ಹಾಕಿಕೊಂಡು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದ. ಬಲಗಡೆ ದಪ್ಪ, ಎಡಗಡೆ ಸಣ್ಣ. ಕೆಳಗಿನ ಸಾಲು ನೋಡಿದ, ಅದೂ ಹಾಗೇ. ಹೊರಗೆ ಹೋಗಿ ಹಲಗೆ ನೋಡಿ ಬಂದ. ಆಮೇಲೆ ಹಿದಾಯತುಲ್ಲಾನ ಒದ್ದೆ ಕೈ ಹಿಡಿದುಕೊಂಡು, "ತಪ್ಪಾಯ್ತು ಕಣಪ್ಪಾ" ಎಂದು ಅತ್ತುಬಿಟ್ಟ. ಅರವತ್ತು ದಾಟಿದ ಮುದುಕ ಹಾಗೆ ಅತ್ತದ್ದನ್ನು ನೋಡಿ ಗೇಟಿನ ಹತ್ತಿರವಿದ್ದವರು ಯಾರೂ ಹೇಳದೆಯೇ ಬುಟ್ಟಿ ಎತ್ತಿಕೊಂಡರು.

ಹರಾಜು ಎರಡು ಗಂಟೆ ತಡವಾಗಿ ಶುರುವಾಯಿತು. ಅಷ್ಟರೊಳಗೆ ತಿರುವಿನಲ್ಲಿದ್ದ ಜೀಪುಗಳು ಮಾಯವಾಗಿದ್ದವು. ಬರೆದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಆ ಗಲಾಟೆಯ ಮಧ್ಯೆ ಹೋಟೆಲಿನ ಹುಡುಗಿಯೊಬ್ಬಳು ಒಳಗಿದ್ದವರಿಗೆಲ್ಲ ಟೀ ಕೊಡುತ್ತಾ ಬಂದು ಓಬಳಮ್ಮನ ಕೈಗೂ ಒಂದು ಲೋಟ ಇಟ್ಟಳು. ಓಬಳಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕುಡಿಯದೆ, ಬಹಳ ಹೊತ್ತು ಬಿಸಿ ತಾಗಿಸಿಕೊಂಡು ನಿಂತಿದ್ದಳು. ಎದುರು ಬೆಂಚಿನಲ್ಲಿ ಹಿದಾಯತುಲ್ಲಾ. ಮೂರು ವರ್ಷದ ಮೇಲೆ ಅವನೂ ಒಳಗೆ ಕೂತದ್ದು ಅಂದೇ. ಕಿಟಕಿಯ ಕಟ್ಟೆಯ ಮೇಲಿನ ಲೋಟಗಳು ಆ ವಾರವೇ ಹೋದವೆಂದು ಹೇಳಿದರೆ ಸುಳ್ಳಾದೀತು. ಯುಗಾದಿಯ ಹೊತ್ತಿಗೆ ಎರಡಿದ್ದವು. ಮಳೆಗಾಲದ ಹೊತ್ತಿಗೆ ಒಂದೂ ಇರಲಿಲ್ಲ.

ಕೆಳಗಿನ ಅರ್ಧ ಹಲಗೆ ಮುಚ್ಚಿಬಿಡು ಎಂದು ಹಲವರು ಹೇಳಿದರು. ಹಿದಾಯತುಲ್ಲಾ ಮುಚ್ಚಲಿಲ್ಲ. ಓಬಳಮ್ಮ ಬೆಳಿಗ್ಗೆ ಐದೂವರೆಗೆ ಗುಡಿಸಲು ಬಂದವಳು ಮೊದಲು ಹಲಗೆ ಓದುವಳು. ಹೊಲಸಿದ್ದರೆ ಸೆರಗಿನ ತುದಿಯಿಂದ ಒರೆಸುವಳು. ಜಗಳವಿದ್ದರೆ ಬಿಡುವಳು. "ಜಗಳ ಇರ್ಲಿ ಬಿಡಿ ಸಾಬ್ರೆ, ಹೊಲಸು ಬ್ಯಾಡ" ಎನ್ನುವುದು ಅವಳ ಕಾನೂನು. ಎರಡರ ನಡುವಿನ ಗೆರೆ ಎಲ್ಲಿದೆ ಎಂದು ಅವಳಿಗೆ ಹೇಗೆ ತಿಳಿಯುತ್ತಿತ್ತೋ, ಒಂದು ದಿನವೂ ತಪ್ಪಲಿಲ್ಲ.

೧೯೯೯ರಲ್ಲಿ ಶಹಜಾದಿ ಚಿಕ್ಕಬಳ್ಳಾಪುರದ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿದಳು. ಒಂದು ಶನಿವಾರ ಅವನು ಹಲಗೆ ಬರೆದು ಮುಗಿಸಿದ ಮೇಲೆ, "ಅಬ್ಬಾ, ನೀವು ಬರಲೇಬೇಕು, ನಿಮ್ಮ ಹಲಗೆ ಥರದ್ದೇ ಒಂದಿದೆ" ಎಂದು ಬಲವಂತ ಮಾಡಿ ಕರೆದುಕೊಂಡು ಹೋದಳು. ಸಣ್ಣ ಕೋಣೆ, ಪರದೆ ಕಟ್ಟಿದ ಕಿಟಕಿ. ಫೋನಿನ ತಂತಿ ಸೇರಿಸಿದ ಡಬ್ಬಿಯೊಂದು ಕೊರೆಯುವ ಹಾಗೆ ಕಿರುಚಿ ಸುಮ್ಮನಾಯಿತು. ಗಾಜಿನ ಮೇಲೆ ಸಾಲುಗಳು ಮೂಡಿದವು. ಬೇರೆ ಬೇರೆ ದೇಶದಲ್ಲಿರುವ ಕನ್ನಡದವರು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದುಕೊಳ್ಳುವ ಜಾಗ ಅದು.

"ಯಾರು ಬೇಕಾದರೂ ಬರೀಬಹುದಾ?"

"ಯಾರು ಬೇಕಾದರೂ."

"ಎಲ್ಲಿಂದ ಬೇಕಾದರೂ?"

"ಎಲ್ಲಿಂದ ಬೇಕಾದರೂ ಅಬ್ಬಾ."

ಹಿದಾಯತುಲ್ಲಾ ಕುರ್ಚಿಯ ತುದಿಗೆ ಸರಿದ. ಶಹಜಾದಿ ಓದುತ್ತಾ ಹೋದಳು. ಲಂಡನ್ನಿನಲ್ಲಿರುವ ಒಬ್ಬ, ಬಸ್ಸಿನಲ್ಲಿ ತನ್ನ ಪಕ್ಕದ ಸೀಟು ಖಾಲಿಯಿದ್ದರೂ ಬಿಳಿಯರು ನಿಂತೇ ಬಂದರೆಂದು, ಆ ರಾತ್ರಿ ಊಟ ಸೇರಲಿಲ್ಲವೆಂದು ಬರೆದಿದ್ದ. ಕೇಳಿ ಹಿದಾಯತುಲ್ಲಾನ ಎದೆ ಭಾರವಾಯಿತು. ನಾಲ್ಕು ಸಾಲು ಕೆಳಗೆ ಇನ್ಯಾವುದೋ ಚರ್ಚೆ. ಸಾಬರನ್ನೆಲ್ಲ ಹಡಗಿನಲ್ಲಿ ತುಂಬಿ ಕಳಿಸಬೇಕು, ಅವರು ಎಂದೂ ನಮ್ಮವರಾಗುವುದಿಲ್ಲ ಎಂದು ಒಬ್ಬ ಬರೆದಿದ್ದ. ಶಹಜಾದಿ ಓದಲು ಹಿಂಜರಿದಳು. ಅವನೇ ಒತ್ತಾಯ ಮಾಡಿದ.

"ಯಾರು ಇದು?"

"ಮೇಲಿನವನೇ ಅಬ್ಬಾ. ಬಸ್ಸಿನವನು."

ಹಿದಾಯತುಲ್ಲಾನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಂದೇ ಎದೆ, ಅದರಲ್ಲಿ ಆ ನೋವೂ ಈ ಮಾತೂ ಒಂದಕ್ಕೊಂದು ತಾಗದೆ ಹೇಗೆ ಮಲಗಿವೆಯಪ್ಪಾ ಎಂದು ಅವನು ಆ ಗಾಜನ್ನೇ ನೋಡುತ್ತಾ ಕೂತ. ಆಮೇಲೆ ಕೇಳಿದ: "ಇಲ್ಲಿ ಬೆಳಿಗ್ಗೆ ಯಾರು ಬಂದು ಒರೆಸ್ತಾರೆ?"

"ಇಲ್ಲಿ ಬೆಳಿಗ್ಗೆ ಅನ್ನೋದೇ ಇಲ್ಲ ಅಬ್ಬಾ. ಯಾವಾಗಲೂ ಎಲ್ಲೋ ಒಂದು ಕಡೆ ಹಗಲು."

"ಬರಿ" ಎಂದ. ಅವನು ಹೇಳಿದ, ಅವಳು ಕೀಲಿ ಒತ್ತಿದಳು. "ನಾನು ಹಿದಾಯತುಲ್ಲಾ, ಶಿಡ್ಲಘಟ್ಟ. ನೂಲು ಬಿಚ್ಚುವವನು. ಬಸ್ಸಿನಲ್ಲಿ ನಿಮ್ಮ ಪಕ್ಕ ಯಾರೂ ಕೂರಲಿಲ್ಲವೆಂದು ಓದಿ ನನಗೆ ಸಂಕಟವಾಯಿತು. ಊರಿಗೆ ಬಂದಾಗ ಬೆಂಗಳೂರಿನಿಂದ ಶಿಡ್ಲಘಟ್ಟದ ಬಸ್ಸು ಹತ್ತಿ. ನಾನು ನಿಮ್ಮ ಪಕ್ಕ ಕೂರುತ್ತೇನೆ."

ಹತ್ತು ನಿಮಿಷದಲ್ಲಿ ಉತ್ತರ ಬಂತು. ಆ ಮನುಷ್ಯನದಲ್ಲ. ಹೆಸರಿಲ್ಲದ ಯಾರೋ ಒಬ್ಬ, ಓದಬಾರದಂಥ ಬೈಗುಳ. ಅದರ ಬೆನ್ನಿಗೇ ಮಸ್ಕತ್ತಿನಿಂದ ಒಬ್ಬರು, ಬೈದವನಿಗೆ ಛೀಮಾರಿ. ಆಮೇಲೆ ಹುಬ್ಬಳ್ಳಿಯ ಹುಡುಗಿಯೊಬ್ಬಳು, ನೂಲು ಬಿಚ್ಚುವುದೆಂದರೇನು ಎಂದು ಕೇಳಿದಳು. ಅಷ್ಟರಲ್ಲಿ ಲೈನು ಕಡಿದುಹೋಯಿತು.

"ಅಯ್ಯೋ, ಇವತ್ತಿಗೆ ಇಷ್ಟೇ" ಎಂದು ಕ್ಲಾಸಿನ ಮಾಲೀಕ ಎದ್ದ. "ಸಾಬ್ರೆ, ನಿಮ್ಮ ಐದೂಕಾಲಿನ ಬಸ್ಸಿಗೆ ಹೊತ್ತಾಯ್ತು."

"ಮತ್ತೆ ಬರ್ತದಾ ಲೈನು?"

"ಬಂದ್ರೂ ಬರಬಹುದು. ಒಂದು ಗಂಟೆ ಆಗ್ತದೋ, ಎರಡೋ."

ಹಿದಾಯತುಲ್ಲಾ ಚಪ್ಪಲಿ ಕಳಚಿ ಕುರ್ಚಿಯ ಕೆಳಗಿಟ್ಟು, ಕಾಲು ಮಡಿಸಿ ಸರಿಯಾಗಿ ಕೂತ. "ಆ ಹುಡುಗಿ ಪಾಪ ಕೇಳಿದ್ದಾಳೆ. ಹೇಳಿ ಹೋಗೋಣ ಕಣಮ್ಮ" ಎಂದು ಮಗಳಿಗೆ ಹೇಳಿದ. ಶಹಜಾದಿ ಹೊರಗೆ ಹೋಗಿ ಕಡಲೆಕಾಯಿ ತಂದಳು. ಆರೂಮುಕ್ಕಾಲಿಗೆ ಡಬ್ಬಿ ಮತ್ತೆ ಕಿರುಚಿತು. ಹುಳು ಎಲೆ ತಿನ್ನುವ ಸದ್ದಿನಿಂದ ಶುರುಮಾಡಿ, ಬಿಸಿನೀರಿನಲ್ಲಿ ಎಳೆಯ ತುದಿ ಹುಡುಕುವವರೆಗೆ ಅವನು ಹೇಳುತ್ತಾ ಹೋದ, ಅವಳು ಒತ್ತುತ್ತಾ ಹೋದಳು. ಅವರಿಗೆ ಸಿಕ್ಕಿದ್ದು ಏಳೂವರೆಯ ಕೊನೇ ಬಸ್ಸು.